ಮಡಿಯಲ್ಲಿ ಕಟ್ಟಿದ ಒಲೆ

ಪೊಲೀಸ್ ಆಕ್ಷನ್ ಆದ ವರ್ಷ. ನಿಜಾಮರ ರಾಜ್ಯವೇ ಐದು ದಿನದಲ್ಲಿ ಬದಲಾಗಿತ್ತು. ಮಕ್ತಲ್‌ನ ನಮ್ಮ ಮನೆಯ ಒಂದು ಒಲೆ ಬದಲಿಸಲು ಎಷ್ಟು ಹೊತ್ತು ಬೇಕು!

ಹಳೆಯ ಸರ್ಕಾರದ ಹುಕುಂಗಳು ನಿಂತಿದ್ದವು, ಹೊಸ ಸರ್ಕಾರದವು ಇನ್ನೂ ಬಂದಿರಲಿಲ್ಲ. ತಹಸೀಲ್ ಕಚೇರಿಯ ಗುಮಾಸ್ತನಾದ ನನಗೆ ಬೇಕಾದಷ್ಟು ಬಿಡುವು. ಇತ್ತ ಒಲೆಯ ಹೊಗೆಗೆ ಹೆಂಡತಿಯ ಕಣ್ಣು ಕೆಂಪಾಗಿ, ಎದುರಿಗೆ ನಿಂತವರು ಯಾರೆಂದು ದನಿಯಿಂದಲೇ ತಿಳಿಯುವ ಹಾಗಾಗಿತ್ತು. "ಹೊಗೆ ತಪ್ಪಿಸದಿದ್ದರೆ ಕಣ್ಣು ಹೋಗುತ್ತವೆ" ಎಂದು ವೈದ್ಯರು ಹೇಳಿಬಿಟ್ಟರು. ನನಗೆ ನಿಜಕ್ಕೂ ಹೆದರಿಕೆಯಾಯಿತು. ರಾಯಚೂರಿನ ಗೆಳೆಯನ ಮನೆಯಲ್ಲಿ ಹೊಗೆಯನ್ನು ಮಣ್ಣಿನ ಕೊಳವೆಯಿಂದ ಮಾಳಿಗೆಯ, ಅಂದರೆ ಮಣ್ಣಿನ ಛಾವಣಿಯ, ಮೇಲಕ್ಕೆ ಕಳಿಸುವ ಒಲೆ ನೋಡಿದ್ದೆ. ನೋಡಿದ ಮೇಲೆ ಕಟ್ಟುವುದೇನು ಮಹಾ!

ಮನೆ ಕಟ್ಟುವ ಗೌಂಡಿ ಹಣಮಂತನನ್ನು ಕರೆಸಿದೆ. ತೊಡಕು ಒಂದೇ. ನಮ್ಮದು ಮಡಿ ಅಡುಗೆಮನೆ, ಗೌಂಡಿ ಅದರ ಹೊಸ್ತಿಲು ದಾಟುವಂತಿಲ್ಲ. ಆದ್ದರಿಂದ ಹೀಗೆ ಠರಾವು ಮಾಡಿದೆ: ಮಾಳಿಗೆಯ ಮೇಲೆ ನಿಂತು ತೂತು ಕೊರೆಯುವವನು ಹಣಮಂತ, ಒದ್ದೆ ಪಂಚೆ ಉಟ್ಟು ಒಳಗೆ ಒಲೆ ಕಟ್ಟುವವನು ನಾನು!

"ಅಳತಿ ಹೆಂಗ್ರಿ ರಾಯರ? ಈ ದಾರ ಹಿಡ್ಕೊಂಡು ಒಳಗ ಹೋಗ್ರಿ," ಎಂದ ಹಣಮಂತ.

"ನೀ ಮುಟ್ಟಿದ ದಾರ ಮಡಿಯೊಳಗ ಬರಂಗಿಲ್ಲೋ. ಮೊಳ ಹಾಕಿ ಹೇಳ್ತೀನಿ, ತಡಿ."

ಹೊರಗೋಡೆಯ ಪಕ್ಕ ದೇವರಮನೆ, ಅದರಾಚೆ ಅಡುಗೆಮನೆ. ದೇವರಮನೆಯ ನೆಲವನ್ನೂ ಅಡುಗೆಮನೆಯಲ್ಲಿ ಒಲೆಯ ಜಾಗದ ತನಕದ ನೆಲವನ್ನೂ ಮೊಳ ಹಾಕಿ ಅಳೆದು, "ಹನ್ನೊಂದು!" ಎಂದು ಕೂಗಿದೆ. ಒಂದೂವರೆ ಮೊಳ ದಪ್ಪದ ಎರಡು ಮಣ್ಣಿನ ಗೋಡೆಗಳು ಲೆಕ್ಕಕ್ಕೆ ಬರಬೇಕೆಂದು ನನಗೆ ಹೊಳೆಯಲೇ ಇಲ್ಲ. ಹಣಮಂತ ಮಾಳಿಗೆಯ ಅಂಚಿನಿಂದ ಶ್ರದ್ಧೆಯಾಗಿ ಹನ್ನೊಂದು ಮೊಳ ಅಳೆದು ಕೊರೆಯತೊಡಗಿದ. ನಾನು ಅಡುಗೆಮನೆಯಲ್ಲಿ ಕತ್ತೆತ್ತಿ ಬೆಳಕಿಗಾಗಿ ಕಾದೆ. ಸದ್ದು ಬಂತು. ಬೆಳಕು ಬರಲಿಲ್ಲ.

"ಅಯ್ಯ! ದೇವರ ಮ್ಯಾಲೆ ಮಣ್ಣು ಬೀಳ್ಳಿಕತ್ತದರೀ!" ಹೆಂಡತಿ ಚೀರಿದಳು.

ಓಡಿದೆ. ದೇವರಮನೆಯ ಮಾಳಿಗೆಯ ತೂತಿನಲ್ಲಿ ಹಣಮಂತನ ಮುಖ. ಕೈ ಮುಗಿದುಕೊಂಡೇ ಹೇಳಿದ: "ರಾಯರ, ದೇವ್ರು ಕಾಣಸ್ತಾನ್ರಿ. ಒಲಿ ಕಾಣವಲ್ದು!"

ಎರಡನೆಯ ಸಲ ನಾನು ಜಾಣನಾದೆ. ಅಡುಗೆಮನೆಯಲ್ಲಿ ನಿಂತು ಒನಕೆಯಿಂದ ಮಾಳಿಗೆಯನ್ನು ಗುದ್ದಿದೆ, ಸದ್ದು ಬಂದಲ್ಲಿ ಅವನು ಕೊರೆದ.

"ತೊಲಿಯಿಂದ ಒಂದು ಮೊಳ ದೂರ ಐತೆಲ್ರಿ? ಕೊಳವಿ ಕಾದ್ರ ಕಟಗಿಗೆ ಉರಿ ಹತ್ತತೈತಿ," ಎಂದು ಮೇಲಿನಿಂದ ಕೇಳಿದ.

"ಬೇಕಾದಷ್ಟದ!" ಎಂದೆ.

ಇದ್ದದ್ದು ನಾಲ್ಕು ಬೆರಳು! ಕತ್ತೆತ್ತಿ ಕತ್ತೆತ್ತಿ ಕುತ್ತಿಗೆ ಹಿಡಿದಿತ್ತು, ಮತ್ತೆ ನೋಡುವವರು ಯಾರು?

ತೂತಿನ ಕೆಳಗೆ ನಾನೇ ಒಲೆ ಕಟ್ಟಿ ಕೊಳವೆ ನಿಲ್ಲಿಸಿದೆ. ಒಲೆ ಹೊತ್ತಿಸಿದೆವು. ಹೊಗೆ ಕೊಳವೆಯೊಳಗೆ ಹೋಯಿತು. ಹೆಂಡತಿ ಕಣ್ಣೊರೆಸಿಕೊಂಡು ನಕ್ಕಳು. ನಾನು ಎದೆಯುಬ್ಬಿಸಿ ನಿಂತೆ. ಅನ್ನ ಕುದಿಯುವಷ್ಟರಲ್ಲಿ ತೊಲೆ ಹೊಗೆಯಾಡತೊಡಗಿತು. ಹಳೆಯ ಒಲೆ ಒಂದು ತಿಂಗಳಲ್ಲಿ ಕೊಡುತ್ತಿದ್ದ ಹೊಗೆಯನ್ನು ಅದು ಒಂದೇ ಗಳಿಗೆಯಲ್ಲಿ ಕೊಟ್ಟಿತು!

ಹೆಂಡತಿ ಕಣ್ಣು ಮುಚ್ಚಿಕೊಂಡು, ಗೋಡೆ ತಡವುತ್ತ ಬಾಗಿಲಿಗೆ ಬಂದಳು. "ಹಣಮಂತಾ, ಒಳಗ ಬಾರೋ!"

ಅವನು ಮಾಳಿಗೆಯಿಂದ ಇಳಿದು ಬಂದು ಹೊಸ್ತಿಲ ಬಳಿ ನಿಂತ. "ಮಡಿ ಐತೆಲ್ರಿ, ಅಮ್ಮಾರ?"

"ಕಣ್ಣು ಹೋದ ಮ್ಯಾಲೆ ಆ ಮಡಿ ತಗೊಂಡು ನಾ ಏನ್ ಮಾಡ್ಲಿ? ಬಾ!"

ಬಂದ. ಮಡಿನೀರಿನ ಕೊಡವನ್ನೇ ಎತ್ತಿ ಎರಚಿದ. ಅರ್ಧ ತೊಲೆಗೆ ಬಿತ್ತು, ಅರ್ಧ ನನಗೆ. ಆಮೇಲೆ ನಾನು ಕಟ್ಟಿದ್ದನ್ನೆಲ್ಲ ಒಡೆದು, ಎರಡೂ ತೂತು ಮುಚ್ಚಿ, ತೊಲೆಯಿಂದ ಮೊಳ ದೂರಕ್ಕೆ ಕೊಳವೆ ನಿಲ್ಲಿಸಿ, ಮರುದಿನ ಸಂಜೆಯೊಳಗೆ ಹೊಸ ಒಲೆ ಕಟ್ಟಿಕೊಟ್ಟ. ಹೆಂಡತಿ ನೆಲ ಸಾರಿಸಿದಳು, ಅಷ್ಟೇ. ದೇವರೂ ಏನೂ ಅನ್ನಲಿಲ್ಲ.

ತಿಂಗಳು ಕಳೆಯುವುದರೊಳಗೆ ಅವಳ ಕಣ್ಣು ತಿಳಿಯಾದವು. ಮನಸ್ಸಿಗೆ ಎಷ್ಟು ಹಾಯೆನಿಸಿತೆಂದರೆ, ಎದುರಿಗೆ ಹೋಗಿ ಕೂತು, "ಈಗ ನಾ ಹೆಂಗ ಕಾಣಸ್ತೀನಿ?" ಎಂದು ಕೇಳಿಬಿಟ್ಟೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು.

"ಹೊಗಿಯೊಳಗ ಭಾಳ ಶಾಣ್ಯಾರ ಕಾಣಸ್ತಿದ್ರಿ!" ಎಂದಳು.