ದೊಡ್ಡಪ್ಪನ ರೆಕಾರ್ಡೂ ಬಂದವರ ಅಭಿಪ್ರಾಯವೂ

ನಮ್ಮ ದೊಡ್ಡಪ್ಪನ ಮನೆಗೆ ಹೋದವರಿಗೆ ಕಾಫಿ ಖಂಡಿತ ಸಿಗುತ್ತದೆ. ಆದರೆ ಅದಕ್ಕೆ ಮೊದಲು ಇಂಗ್ಲೆಂಡಿನ ನಾಲ್ಕೈದು ಜನ ಗಡ್ಡಧಾರಿಗಳು ಮುಕ್ಕಾಲು ಗಂಟೆ ಬಾರಿಸುವುದನ್ನು ಕೇಳಬೇಕು. ಕೇಳಿದರೆ ಸಾಲದು, ಅಭಿಪ್ರಾಯ ಹೇಳಬೇಕು! "ಚೆನ್ನಾಗಿದೆ" ಎಂದು ಜಾರಿಕೊಳ್ಳೋಣವೆಂದರೆ ಅದೂ ನಡೆಯುವುದಿಲ್ಲ. ಏನು ಚೆನ್ನಾಗಿದೆ, ಎಲ್ಲಿ ಚೆನ್ನಾಗಿದೆ ಎಂದು ಪಾಟೀಸವಾಲು ಶುರುವಾಗುತ್ತದೆ. ಮರಳೂರಿನ ಅವರ ಬೀದಿಗೆ ಬರುವ ಕೊರಿಯರಿನವರು ಪಾರ್ಸಲ್ಲನ್ನು ಗೇಟಿನ ಮೇಲಿಂದಲೇ ಎಸೆದು ಓಡುತ್ತಾರೆಂದರೆ ನೀವು ನಂಬಬೇಕು.

ಯಾರೋ ಉದ್ದ ಕೂದಲಿನ ಆಸಾಮಿ ಇರಬೇಕು ಎಂದುಕೊಂಡಿರಾ? ಗುಬ್ಬಿಯಲ್ಲಿ ಜೀವಮಾನವಿಡೀ ಕೊಬ್ಬರಿ ವ್ಯಾಪಾರ ಮಾಡಿ, ಈಗ ತುಮಕೂರಿನ ಮರಳೂರಿನಲ್ಲಿ ಮನೆ ಕಟ್ಟಿಕೊಂಡು ಹಾಯಾಗಿರುವ ಹಿರಿಯರು. ಬೆಳಗ್ಗೆ ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಇಷ್ಟಲಿಂಗ, ಪೂಜೆ ಮುಗಿಯುವ ತನಕ ತುಟಿ ಬಿಚ್ಚುವುದಿಲ್ಲ. ಯಾರಾದರೂ ಗೇಟು ತೆರೆದರೋ, ಅದೇ ವಿಭೂತಿಯಲ್ಲಿ ಎಲೆಕ್ಟ್ರಿಕ್ ಗಿಟಾರು! ಬೆಂಗಳೂರಿನಲ್ಲಿ ಓದುವಾಗ ಕೊಂಡ ಪ್ಲೇಯರೊಂದು, ರೆಕಾರ್ಡೂ ಒಂದೇ. ಆ ಸಂಗೀತಕ್ಕೆ ಪ್ರೊಗ್ರೆಸಿವ್ ರಾಕ್ ಎನ್ನುತ್ತಾರಂತೆ. ತಂಡದ ಹೆಸರು ಮಾತ್ರ ಹೇಳಲಾರೆ; ಹೇಳಿದರೆ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ.

ಮೊದಮೊದಲು ಅವರು ಪುಟ್ಟ ಪುಟ್ಟ ಪ್ರೇಮಗೀತೆ ಹಾಡುತ್ತಿದ್ದರಂತೆ. ಮುಂದೆ ಒಂದೊಂದು ಹಾಡನ್ನೂ ಅರ್ಧ ಗಂಟೆ ಎಳೆದು ಜಗತ್ಪ್ರಸಿದ್ಧರಾದರಂತೆ. ದೊಡ್ಡಪ್ಪನ ಹತ್ತಿರ ಇರುವುದು ಅದೂ ಅಲ್ಲ, ಇದೂ ಅಲ್ಲ. ಹಳೆಯದನ್ನು ಬಿಟ್ಟು, ಹೊಸದು ಇನ್ನೂ ಕೈಗೆ ಹತ್ತದೆ ಒದ್ದಾಡುತ್ತಿದ್ದಾಗ ಮಾಡಿದ ಆಲ್ಬಮ್. ಕೊಳಲು ಮೆಲ್ಲಗೆ ಶುರುವಾಗುತ್ತದೆ. ಗ್ಯಾಸ್ ಆರಿಸುವುದು ಮರೆತು ಬಂದವನ ಹಾಗೆ ಡ್ರಮ್ಮಿನವನು ನುಗ್ಗುತ್ತಾನೆ. ಹಾಡುವವನಿಗಂತೂ ಪಲ್ಲವಿಗೆ ವಾಪಸ್ ಬರಬೇಕೆಂಬ ಜ್ಞಾಪಕವೇ ಇರುವುದಿಲ್ಲ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು? ಕಳೆದ ವರ್ಷ ನಾನು ಆ ಮನೆಯಲ್ಲೇ ಇದ್ದೆ. ಕುಣಿಗಲ್ ಕಡೆಯ ಕೊತ್ತಗೆರೆಗೆ ಮದುವೆಯಾಗಿ ಹೋದವಳು ಗಂಡನ ಮನೆ ಬಿಟ್ಟು ಬಂದಿದ್ದೆ. ಹೊಡೆತವಿಲ್ಲ, ಬೈಗುಳವಿಲ್ಲ. ಆ ಮನೆಯಲ್ಲಿ ನಾನಾಡಿದ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ, ಅಷ್ಟೇ. ಗುಬ್ಬಿಯಲ್ಲಿ ನಮ್ಮಪ್ಪ "ಅಷ್ಟೇನಾ?" ಎಂದು ಕೇಳಿ, ವಾಪಸ್ ಹೋಗು ಎಂದುಬಿಟ್ಟರು. ನಾನು ಬಸ್ಸು ಹತ್ತಿ ಅಪ್ಪನ ಅಣ್ಣನಾದ ಈ ದೊಡ್ಡಪ್ಪನ ಮನೆಗೆ ಬಂದೆ. ಬ್ಯಾಗು ಕೆಳಗಿಡುವ ಮೊದಲೇ ಸುದ್ದಿ ಊರು ಸುತ್ತಿತ್ತು. ನನ್ನನ್ನು ಗಂಡನ ಮನೆಗೆ ಮರಳಿಸುವ ಪುಣ್ಯಕಾರ್ಯಕ್ಕೆ ಬಂಧುಬಳಗ ಸಾಲುಗಟ್ಟಿ ಬರತೊಡಗಿತು. ಗೇಟು ಸದ್ದಾದಾಗಲೆಲ್ಲ ನಾನು ಅಡಿಗೆಮನೆಗೆ ಓಡುತ್ತಿದ್ದೆ. ದೊಡ್ಡಪ್ಪ ಆಗ ಏನು ಮಾಡುತ್ತಿದ್ದರು? ರೆಕಾರ್ಡಿನ ಧೂಳು ಒರೆಸುತ್ತಿದ್ದರು.

ಮೊದಲು ಬಂದವರು ಗುಬ್ಬಿಯ ಸೋದರತ್ತೆ, ದೊಡ್ಡಪ್ಪನ ತಂಗಿ. ಹೆಣ್ಣುಮಕ್ಕಳು ಸ್ವಲ್ಪ ಹೊಂದಿಕೊಂಡು ಹೋಗಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದರು. ಎರಡೂ ಪಕ್ಕ ಮುಗಿದ ಮೇಲೆ ಅತ್ತೆಯ ಅಭಿಪ್ರಾಯ ಹೊರಬಂತು. "ಅಡಿಗೆಮನೇಲಿ ಪಾತ್ರೆ ಬಿದ್ದಂಗಿದೆ ಕಣಣ್ಣ. ಆದ್ರೆ ಆ ಕೊಳಲು ಊದೋನು ಪಾಪ, ಅವನ್ನ ಯಾರೂ ಮಾತಾಡಕ್ಕೇ ಬಿಡಲ್ಲ." ದೊಡ್ಡಪ್ಪ ತಕ್ಷಣ ಫೋನು ತೆಗೆದು, ಅಮೆರಿಕದ ಯಾವನೋ ಕೇಳುಗನೂ ಇದನ್ನೇ ಬರೆದಿದ್ದಾನೆಂದು ಓದಿ ಹೇಳಿದರು. ಅತ್ತೆಗೆ ಎಂಥ ಹಿಗ್ಗು! ಕೊಳಲಿನವನ ಕಷ್ಟಸುಖ ಮಾತಾಡುತ್ತ ಮಾತಾಡುತ್ತ ಗುಬ್ಬಿ ಬಸ್ಸಿನ ಹೊತ್ತಾಯಿತು. ಬಂದ ಕೆಲಸ ನೆನಪಾದದ್ದು ಕಂಡಕ್ಟರು ಟಿಕೆಟ್ ಕೇಳಿದಾಗಲಂತೆ.

ಆಮೇಲೆ ಒಂದು ಭಾನುವಾರ ಇಬ್ಬರು ಒಟ್ಟಿಗೆ ಸಿಕ್ಕಿಬಿದ್ದರು. ಒಬ್ಬರು ಪಕ್ಕದ ಮನೆಯ ನಿವೃತ್ತ ಹೆಡ್ಮಾಸ್ತರು. ಇನ್ನೊಬ್ಬ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸದಲ್ಲಿರುವ, ವರಸೆಯಲ್ಲಿ ನನಗೆ ಅಣ್ಣನಾಗಬೇಕಾದವನು. ಇಬ್ಬರೂ ನನಗೆ ಬುದ್ಧಿ ಹೇಳಲೆಂದೇ ಬಂದವರು. ಮೊದಲ ಪಕ್ಕ ಹೇಗೋ ಪಾಸು, ಎರಡನೆಯದು ಬರೀ ವಿಷಯಾಂತರ, ಒಟ್ಟಿನಲ್ಲಿ ಮತ್ತೆ ಪರೀಕ್ಷೆಗೆ ಕೂರಿಸಬೇಕು ಎಂದು ಮಾಸ್ತರು ತೀರ್ಪು ಕೊಟ್ಟರು. ಅಣ್ಣ ಕೆರಳಿದ. ಇಂಜಿನ್ನು ಕಾವೇರುವ ಸದ್ದು ಕೇಳಿ ಹಾರಾಟ ಸರಿಯಿಲ್ಲ ಎನ್ನುವುದು ಯಾವ ನ್ಯಾಯ ಎಂದ. ಮಾತಿಗೆ ಮಾತು ಬೆಳೆದು, ಇಬ್ಬರೂ ಕಾಫಿ ಕುಡಿಯದೆ ಎದ್ದು ಹೋದರು. ನನ್ನ ಸಂಸಾರ ಸರಿಮಾಡಲು ಬಂದವರು ಇಂಗ್ಲೆಂಡಿನ ಡ್ರಮ್ಮಿನವನ ದೆಸೆಯಿಂದ ಈಗಲೂ ಮಾತು ಬಿಟ್ಟಿದ್ದಾರೆ.

ನನಗೆ ನಗುವೂ ಬರುತ್ತಿತ್ತು, ಒಳಗೊಳಗೇ ಸಂಕಟವೂ ಆಗುತ್ತಿತ್ತು. ಕೊರಿಯರಿನವನನ್ನೂ ಬಿಡದೆ ಪೀಡಿಸುವ ಈ ಮನುಷ್ಯ ನನ್ನನ್ನು ಮಾತ್ರ ಏನೂ ಕೇಳಿರಲಿಲ್ಲ. ಯಾಕೆ ಬಂದೆ, ಇರ್ತೀಯಾ, ಹೋಗ್ತೀಯಾ, ಒಂದು ಮಾತಿಲ್ಲ. ವ್ಯಾಪಾರ ಬಿಟ್ಟ ಮೇಲೆ ಹತ್ತಿಕೊಂಡ ಹುಚ್ಚಿನಲ್ಲಿ ನಾನು ಬಂದಿರುವುದೇ ಇವರಿಗೆ ಗೊತ್ತಾಗಿಲ್ಲವೇನೋ ಎಂದುಕೊಂಡೆ. ಈ ಮನೆಯಲ್ಲೂ ನನ್ನ ಹಣೆಬರಹ ಅಷ್ಟೇ ಎನಿಸಿ ಬೇಜಾರಾಗುತ್ತಿತ್ತು.

ಕೊನೆಗೆ ಕೊತ್ತಗೆರೆಯಿಂದಲೇ ಕಾರು ಬಂತು. ಬಂದವರು ನನ್ನ ಗಂಡನ ಸೋದರಮಾವ, ಆ ಕಡೆಯ ಪಂಚಾಯ್ತಿಗಳಲ್ಲಿ ಹೇಳಿದ್ದೇ ಕೊನೆಯ ಮಾತಾಗುವ ಯಜಮಾನರು. ಇವತ್ತು ಹುಡುಗಿಯನ್ನು ಕರೆದುಕೊಂಡೇ ಹೋಗುವುದು ಎಂದು ನಮ್ಮಪ್ಪನಿಗೆ ಫೋನಿನಲ್ಲಿ ಹೇಳಿಯೇ ಹೊರಟಿದ್ದರು. ನಾನು ಅಡಿಗೆಮನೆ ಬಾಗಿಲ ಹಿಂದೆ ನಿಂತಿದ್ದೆ. ದೊಡ್ಡಪ್ಪ ಅವರನ್ನು ಕೂರಿಸಿ, ಕುಣಿಗಲ್ ಕೆರೆಯ ನೀರಿನ ಸಮಾಚಾರ ಕೇಳಿ, ಆ ತಂಡದ ಹಳೆಯ ಪ್ರೇಮಗೀತೆಗಳ ಕಥೆ ಹೇಳಿ, ರೆಕಾರ್ಡು ಹಾಕಿದರು. ಯಜಮಾನರು ಕೆಮ್ಮಿದರು. ದೊಡ್ಡಪ್ಪ ವಾಲ್ಯೂಮ್ ಏರಿಸಿದರು. ಅವರು ಮತ್ತೆ ಕೆಮ್ಮಿದರು, ಇವರು ಮತ್ತೆ ಏರಿಸಿದರು. ಎರಡೂ ಪಕ್ಕ ಮುಗಿಯುವ ಹೊತ್ತಿಗೆ ಯಜಮಾನರ ಮುಖ ಕೆಂಪಗಾಗಿತ್ತು.

"ಏನ್ ಸ್ವಾಮಿ ಇದು? ಮೊದ್ಲು ಚೆಂದಾಗಿ ಹಾಡ್ಕೊಂಡಿದ್ರು ಅಂತೀರಿ. ಅದುನ್ನ ಯಾಕ್ ಬಿಟ್ರು? ಅಲ್ಲೇನ್ ಕಮ್ಮಿ ಆಗಿತ್ತು ಇವ್ರಿಗೆ?"

ದೊಡ್ಡಪ್ಪ ಮುಳ್ಳು ಎತ್ತಿಟ್ಟರು. "ಕಮ್ಮಿ ಏನೂ ಆಗಿರಲಿಲ್ಲ. ಅಲ್ಲಿ ಉಸಿರಾಡಕ್ಕಾಗ್ತಿರಲಿಲ್ಲ ಅಂತ ಕಾಣ್ತದೆ, ಬಿಟ್ಟು ಬಂದವ್ರೆ. ಮುಂದೇನು ಅಂತ ಅವ್ರಿಗೂ ಇನ್ನೂ ಗೊತ್ತಿಲ್ಲ. ಗೊತ್ತಿಲ್ಲ ಅಂದ್ ಮಾತ್ರಕ್ಕೆ, ಹಿಂದಕ್ ಹೋಗಿ ಹಳೇದೇ ಹಾಡಿ ಅನ್ನಕ್ಕಾಯ್ತದಾ? ನೀವೇ ಹೇಳಿ."

ಯಜಮಾನರು ಅಡಿಗೆಮನೆಯ ಬಾಗಿಲ ಕಡೆ ಒಂದು ಸಲ ನೋಡಿದರು. ಕಾಫಿ ಕುಡಿದರು, ಚಪ್ಪಲಿ ಮೆಟ್ಟಿಕೊಂಡರು. ಬಂದಿದ್ದೆ ಅಂತ ಮಗೀಗೆ ಹೇಳಿ ಎಂದಷ್ಟೇ ಮೆತ್ತಗೆ ಹೇಳಿ ಕಾರು ಹತ್ತಿದರು. ನಾನು ಅದರಲ್ಲಿ ಇರಲಿಲ್ಲ.

ಸಿಂಕಿನ ಮುಂದೆ ಲೋಟ ತೊಳೆಯುತ್ತ, ದೊಡ್ಡಪ್ಪನಿಗೆ ಈ ರೆಕಾರ್ಡಿನ ಹುಚ್ಚು ಯಾವಾಗಿನಿಂದ ಎಂದು ದೊಡ್ಡಮ್ಮನನ್ನು ಕೇಳಿದೆ. ದೊಡ್ಡಮ್ಮ ನನ್ನನ್ನೇ ನೋಡಿದರು.

"ಹುಚ್ಚೆಲ್ಲಿದು? ನಾನ್ ಮದುವೆ ಆಗಿ ಬಂದಾಗ್ಲೂ ಅದು ಗುಬ್ಬಿ ಮನೆ ಅಟ್ಟದಲ್ಲಿತ್ತು, ಇಲ್ಲಿಗ್ ಬಂದ್ಮೇಲೂ ಅಟ್ಟದಲ್ಲೇ ಇತ್ತು. ನೀನ್ ಬಂದ್ ದಿನ ಏಣಿ ಹಾಕಿ ಇಳಿಸಿದ್ರು ಕಣೇ. ಬರೋರೆಲ್ಲ ಮಗೀ ಮೇಲೆ ಅಭಿಪ್ರಾಯ ಹೇಳಕ್ಕೇ ಬರ್ತಾರೆ, ಅವ್ರಿಗೆ ಹೇಳಕ್ಕೆ ಬೇರೆ ಏನಾದ್ರೂ ಕೊಡಣ ಅಂದ್ರು."

ಕಣ್ಣು ತುಂಬಿ ಕೈಯಲ್ಲಿದ್ದ ಲೋಟವೇ ಕಾಣಿಸಲಿಲ್ಲ. ಹಾಗೇ ಹಾಲಿಗೆ ಹೋದೆ. ಅವರು ರೆಕಾರ್ಡನ್ನು ಅದರ ಕವರಿಗೆ ಸೇರಿಸುತ್ತಿದ್ದರು. ನಿಮಗಾದರೂ ಇದು ಇಷ್ಟಾನಾ ದೊಡ್ಡಪ್ಪ ಎಂದು ಕೇಳಿದೆ. ಅವರು ತಲೆ ಎತ್ತಲಿಲ್ಲ.

"ಕೊಂಡಾಗ ಒಂದ್ಸಲ ಕೇಳಿ ಮೂಲೆಗೆ ಹಾಕಿದ್ದೆ. ಈಗ ದಿನಾ ಕೇಳಿ ಕೇಳಿ ಹಿಡಿಸ್ತಾ ಅದೆ. ಮುಂದಿಂದು ಚೆನ್ನಾಗೇ ಮಾಡ್ತಾರೆ ಬುಡು."

ಪ್ಲೇಯರಿನ ಸ್ವಿಚ್ಚು ಆರಿಸಿದರು. ಪಕ್ಕದಲ್ಲಿ ಕೂರು ಎಂದು ಕೈ ತೋರಿಸಿದರು.

"ಈಗ ನೀನು ಹೇಳು ಮಗಳೇ."

ನಾನು ಹೇಳಿದೆ. ಸಂಜೆಯಾಗುವ ತನಕ ಹೇಳಿದೆ. ದೊಡ್ಡಪ್ಪ ಕೇಳುತ್ತ ಕೂತಿದ್ದರು.