ಕುಂಕುಮ ಇಟ್ಟ ಕ್ಯಾಮೆರಾ

ಮನುಷ್ಯ ಅಂದಮೇಲೆ ಒಂದಲ್ಲ ಒಂದು ಜಂಬ ಇರಬೇಕು. ಕೆಲವರಿಗೆ ಮಕ್ಕಳ ಮಾರ್ಕ್ಸಿನದು, ವಯಸ್ಸಾದವರಲ್ಲಿ ಕೆಲವರಿಗೆ ಇನ್ನೂ ಉಳಿದಿರುವ ಹಲ್ಲಿನದು. ನನ್ನದು ಕ್ಯಾಮೆರಾದ ಜಂಬ. ಹಿಂದೂಪುರದ ಪೇಟೆಯಲ್ಲಿ ನನ್ನದೊಂದು ರೇಷ್ಮೆ ಸೀರೆ ಅಂಗಡಿ, ಅದರ ಹಿಂದೆಯೇ ಮನೆ. ಈಗ ಗಲ್ಲಾ ಪೆಟ್ಟಿಗೆ ಇರುವ ಜಾಗದಲ್ಲಿ ಮೊದಲು ಗುಂಡಿಮಗ್ಗವಿತ್ತು, ನಮ್ಮಮ್ಮ ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದಳು. ಇವತ್ತು ಅಂಗಡಿಯಲ್ಲಿ, ಬೀದಿಬಾಗಿಲಲ್ಲಿ, ಒಳಕೋಣೆಯ ಬೀರುವಿನ ಎದುರು, ಎಲ್ಲ ಕಡೆ ಕ್ಯಾಮೆರಾ. ಪರಿಗಿಯಲ್ಲಿ ಮದುವೆ ಊಟಕ್ಕೆ ಕೂತಿದ್ದರೂ ಎಡಗೈಯಲ್ಲಿ ಫೋನ್ ಹಿಡಿದು ನನ್ನ ಅಂಗಡಿಯನ್ನು ನಾನು ನೋಡಬಲ್ಲೆ. ಎಲೆಯ ಮೇಲೆ ಹೋಳಿಗೆ ಬಿತ್ತೋ ಇಲ್ಲವೋ ತಿಳಿಯುವುದಿಲ್ಲ, ಅದು ಬೇರೆ ಮಾತು.

ಉಪಯೋಗ ಒಂದೆರಡಲ್ಲ. ಗೋರಂಟ್ಲದ ಒಬ್ಬ ಹೆಂಗಸು ತನ್ನ ಬ್ಯಾಗು ನಮ್ಮ ಅಂಗಡಿಯಲ್ಲೇ ಹೋಯಿತೆಂದು ಜನ ಸೇರಿಸಿದ್ದಳು. ಅದನ್ನು ತೋಳಿಗೆ ಹಾಕಿಕೊಂಡೇ ಅವಳು ಮೆಟ್ಟಿಲಿಳಿದದ್ದನ್ನು ತೋರಿಸಿದೆ. ಬ್ಯಾಗು ಟಿಫಿನ್ ಹೋಟೆಲಿನಲ್ಲಿ ಸಿಕ್ಕಿತು, ನಾಚಿಕೆಗೆ ಅವಳು ಇನ್ನೊಂದು ಸೀರೆ ಕೊಂಡಳು. ನಮ್ಮ ತಂದೆಯ ಕಾಲದಿಂದ ಅಂಗಡಿಯಲ್ಲಿರುವ ನರಸಿಂಹುಲು, ಕ್ಯಾಮೆರಾ ಬಂದಮೇಲೆ ದಿನಾ ಇಸ್ತ್ರಿ ಶರಟು ಹಾಕಿಕೊಂಡು ಬರತೊಡಗಿದ. ಯಾಕೆಂದು ಕೇಳಿದ್ದಕ್ಕೆ, ಟೀವಿಯಲ್ಲಿ ಬರುವವನು ಹೇಗೆ ಬೇಕೋ ಹಾಗೆ ಬರೋಕಾಗುತ್ತಾ ಸಾರ್ ಅಂದ. ಕಲ್ಯಾಣದುರ್ಗದಲ್ಲಿರುವ ನಮ್ಮಕ್ಕನ ತಲೆ ತಿಂದು ಅವಳ ಮನೆಗೂ ಒಂದು ಹಾಕಿಸಿದೆ. ಈಗ ಭಾವ ಜಗುಲಿಯಲ್ಲಿ ಕೂತು, ಎದುರಿಗಿರುವ ಗೇಟನ್ನು ಫೋನಿನಲ್ಲಿ ನೋಡುತ್ತಾರೆ.

ಹೀಗಿರುವಾಗ ಆಯುಧಪೂಜೆ ಬಂತು. ನೇಯ್ಗೆಯವರ ಮನೆಯಲ್ಲಿ ಆವತ್ತು ದುಡಿಯುವ ಯಾವ ವಸ್ತುವಿಗೂ ಪೂಜೆ ತಪ್ಪುವಂತಿಲ್ಲ. ಅಟ್ಟದ ಮೇಲಿದ್ದ ಹಳೆಯ ಲಾಳಿ, ಕತ್ತರಿ, ಬಿಲ್ಲಿನ ಮೆಷೀನು, ಸ್ಕೂಟರು, ಎಲ್ಲಕ್ಕೂ ವಿಭೂತಿ ಕುಂಕುಮವಾಯಿತು. ಹಗಲೂ ರಾತ್ರಿ ದುಡಿಯುವ ಕ್ಯಾಮೆರಾವನ್ನು ಬಿಡುವುದುಂಟೇ? ಸ್ಟೂಲು ಹತ್ತಿದೆ. ಕುಂಕುಮ ಇಡುವುದು ಹಣೆಗೆ. ಕ್ಯಾಮೆರಾಕ್ಕೆ ಹಣೆ ಎಲ್ಲಿದೆ, ಇರುವುದೆಲ್ಲ ಬರೀ ಕಣ್ಣು. ಅಲ್ಲಿಗೇ ಇಟ್ಟೆ. ಮಾರನೆಯ ದಿನ ಅಂಗಡಿಯದನ್ನೂ ಬಾಗಿಲಿನದನ್ನೂ ಒರೆಸಿದೆ, ಒಳಕೋಣೆಯದು ಮರೆತುಹೋಯಿತು. ಅದರಲ್ಲಿ ಎಲ್ಲ ಕೆಂಪಗೆ ಕಾಣುತ್ತದಲ್ಲ ಎಂದು ಹೆಂಡತಿ ಪದ್ಮ ಕೇಳಿದಾಗ, ಅದು ನೈಟ್ ವಿಷನ್ ಎಂದು ವಿವರಿಸಿದೆ. ಈಗ ಮಧ್ಯಾಹ್ನ ಅಂದಳು. ತಿಳಿಯದವರ ಜೊತೆ ವಾದ ಬೇಡವೆಂದು ಸುಮ್ಮನಾದೆ.

ಹಬ್ಬ ಕಳೆದು ಅಕ್ಕನ ಮಗಳ ಮದುವೆ ಹತ್ತಿರ ಬಂತು. ನಮ್ಮಲ್ಲಿ ಧಾರೆಯ ಸೀರೆ ಸೋದರಮಾವನದು. ಮಂಡಿ ಸೋಲುವ ಮುಂಚೆ ಅಮ್ಮ ಕೊನೆಯದಾಗಿ ನೇಯ್ದ ಸೀರೆಯೊಂದನ್ನು ಈ ಮೊಮ್ಮಗಳಿಗೆಂದೇ ಎತ್ತಿಟ್ಟಿದ್ದೆವು. ಹಬ್ಬದ ದಿನ ದೇವರ ಮುಂದಿಟ್ಟು ಮತ್ತೆ ಬೀರುವಿನಲ್ಲಿಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಕಲ್ಯಾಣದುರ್ಗಕ್ಕೆ ಹೊರಡುವ ಹಿಂದಿನ ದಿನ ಬೀರು ತೆಗೆದರೆ ಸೀರೆ ಇಲ್ಲ. ಮನೆಯೆಲ್ಲ ಬುಡಮೇಲು ಮಾಡಿದೆವು. ಅಮ್ಮ ನೆಲದ ಮೇಲೆ ಕೂತುಬಿಟ್ಟಳು. ಅಕ್ಕನಿಗೆ ಫೋನ್ ಮಾಡೋಣವೆಂದರೆ, ಕೊಡಬೇಕಾದ ಸೀರೆಯನ್ನೇ ಕಳೆದೆ ಎಂದು ಯಾವ ಬಾಯಲ್ಲಿ ಹೇಳಲಿ? ಹೊರಗಿನವರಲ್ಲಿ ಆ ಕೋಣೆಯ ತನಕ ಬರುವವನು ನರಸಿಂಹುಲು ಒಬ್ಬನೇ. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಪದ್ಮ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ, ನರಸಿಂಹುಲು ಇಬ್ಬರನ್ನೂ ನೋಡಿದ.

ಅವನು ಕೈಯಲ್ಲಿದ್ದ ಅಂಗಡಿಯ ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟು, "ಕ್ಯಾಮ್ರಾ ಉಂದಿ ಕದಾ ಸಾರ್, ಐತಲ್ಲ. ಅದ್ರಲ್ಲಿ ನೋಡ್ಬುಡಿ. ಆಮೇಲೆ ನಾನು ಮನೆಗೆ ಹೋಯ್ತೀನಿ" ಅಂದ.

ಆ ಸಂಕಟದಲ್ಲೂ ನನ್ನ ಜಂಬ ತಲೆಯೆತ್ತಿತು ಎಂದರೆ ನಂಬಬೇಕು. ಎಲ್ಲರನ್ನೂ ಟೀವಿಯ ಮುಂದೆ ಕೂರಿಸಿದೆ. ಕೋಣೆಯಲ್ಲಿ ಯಾರಾದರೂ ಓಡಾಡಿದ್ದನ್ನಷ್ಟೇ ಹೆಕ್ಕಿ ತೋರಿಸುತ್ತದೆ ಎಂದು ಪೀಠಿಕೆ ಹಾಕಿ ಗುಂಡಿ ಒತ್ತಿದೆ. ಪರದೆಯ ತುಂಬ ವಿಭೂತಿಯ ಪಟ್ಟೆ, ನಡುವೆ ಕುಂಕುಮ. ಕೆಳಗಡೆ ಒಂದಿಷ್ಟು ಜಾಗದಲ್ಲಿ ಮಾತ್ರ ನೆಲ ಕಾಣುತ್ತಿತ್ತು. ಅದರ ಮೇಲೆ ಯಾರದೋ ಪಾದಗಳು ಬಂದವು, ಹೋದವು. ಇದೇನಾ ನಿಮ್ಮ ನೈಟ್ ವಿಷನ್ ಎಂದು ಪದ್ಮ ಕೇಳಿದಳು. ಅಷ್ಟರಲ್ಲಿ ಅಮ್ಮ ಕೂತಲ್ಲಿಂದಲೇ ಜರುಗಿ ಟೀವಿಯ ಹತ್ತಿರ ಬಂದಳು. ಗುಂಡಿಮಗ್ಗದಲ್ಲಿ ಕೂತವರ ಕಣ್ಣಿಗೆ ಮನೆಗೆ ಬಂದವರ ಮುಖಕ್ಕಿಂತ ಮುಂಚೆ ಕಾಣುವುದು ಪಾದ. ತಲೆಯೆತ್ತಿದರೆ ಎಳೆ ತಪ್ಪುತ್ತದೆ ಎಂದು ಅವಳು ಕಾಲು ನೋಡಿಯೇ ಎಲ್ಲರನ್ನೂ ಮಾತಾಡಿಸುತ್ತಿದ್ದಳು.

"ಇದು ಪದ್ಮ, ಕಸ ಗುಡಿಸ್ತಾವ್ಳೆ. ಇದು ನರಸಿಂಹುಲು, ಬಾಗ್ಲತಾವ್ಲೇ ನಿಂತು ವಾಪಸ್ ಹೋದ, ಬೀರು ಕಡೀಕೆ ಬರ್ಲೇ ಇಲ್ಲ" ಎಂದು ಹೇಳುತ್ತ ಹೋದಳು. ಆಮೇಲೆ ಪರದೆಗೆ ಬೆರಳು ಮುಟ್ಟಿಸಿ, "ನಿಲ್ಸು. ಇದು ನಿಮ್ಮಕ್ಕ ಕಣ್ಲಾ, ಎಡಗಾಲು ಊರೋದು ನೋಡು. ಎದುರ್ಗೆ ನಿಂತಿರೋನು ನೀನು" ಅಂದಳು.

ನಾನೇ. ಆ ಅಗಲ ಹೆಬ್ಬೆರಳು ಬೇರೆ ಯಾರದೂ ಅಲ್ಲ. ಹಬ್ಬ ಮುಗಿದ ಮೇಲೆ ಅಕ್ಕ ಬಂದು ಹೋಗಿದ್ದಳು. ಅವಳ ಕಾಲು ಬೀರುವಿನ ಹತ್ತಿರ ಹೋಗಿ, ತಿರುಗಿ ಬಂದು, ನನ್ನ ಕಾಲಿನ ಎದುರು ನಿಂತು, ಹೊರಟಿತು. ನನ್ನ ಕಾಲು ಕದಲಲೇ ಇಲ್ಲ. ಅಕ್ಕನಿಗೆ ಫೋನ್ ಮಾಡಿದೆ.

"ಬೀಗದ ಕೈ ನೀನೇ ಕೊಟ್ಯಲ್ಲಪ್ಪ" ಅಂದಳು. "ಕುಚ್ಚು ಕಟ್ಟಿಸ್ತೀನಿ, ತಗಂಡೋಯ್ತೀನಿ ಅಂದ್ರೆ ನೀನು ಹ್ಞೂಂ ಅಂದೆ. ಧಾರೆ ದಿನ ನೀನೇ ಕೊಡೋ ಹಂಗೆ ನಿನ್ ತಟ್ಟೆಗೇ ಇಡ್ತೀನಿ ಅಂದ್ರೆ ಅದ್ಕೂ ಹ್ಞೂಂ ಅಂದೆ. ನೀನು ಫೋನ್ನಾಗೆ ಅಂಗ್ಡಿ ನೋಡ್ತಾ ಇದ್ದೆ."

ನರಸಿಂಹುಲು ತಲೆ ಬಗ್ಗಿಸಿ ಕಣ್ಣೊರೆಸಿಕೊಂಡ. ಅವನ ಕೈ ಹಿಡಿದು ತಪ್ಪಾಯಿತು ಅಂದೆ. ಮಾರನೆಯ ದಿನ ಅವನನ್ನೇ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಎಲ್ಲರೂ ಕಲ್ಯಾಣದುರ್ಗಕ್ಕೆ ಹೊರಟೆವು.

ಮದುವೆಮನೆಯಲ್ಲಿ ಬೆಳುಗುಪ್ಪದ ನೆಂಟರೊಬ್ಬರಿಗೆ, ಕಳೆದುಹೋದ ಸೀರೆಯನ್ನು ನನ್ನ ಕ್ಯಾಮೆರಾ ಹೇಗೆ ಪತ್ತೆಮಾಡಿತೆಂದು ಫೋನ್ ತೆರೆದು ವರ್ಣಿಸುತ್ತಿದ್ದೆ. ಹೇಳುತ್ತ ಹೇಳುತ್ತ ಅಭ್ಯಾಸಬಲದಿಂದ ಅಂಗಡಿಯನ್ನೂ ನೋಡತೊಡಗಿದೆ. ಅಮ್ಮ ಪಕ್ಕದಿಂದ ಕೈಚಾಚಿ ಫೋನ್ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎದುರ್ಗೆ ನೋಡ್ಲಾ" ಅಂದಳು.

ನೋಡಿದೆ. ಅಮ್ಮ ನೇಯ್ದ ಸೀರೆಯುಟ್ಟು ಅಕ್ಕನ ಮಗಳು ಹಸೆಯ ಮೇಲೆ ನಿಂತಿದ್ದಳು. ಆ ಅಂಚಿನ ಕೆಂಪು, ಆ ಸೆರಗಿನ ಕೆಲಸ, ನನ್ನ ಅಂಗಡಿಯಲ್ಲಿ ಅದಕ್ಕೆ ಸಮನಾದ ಒಂದು ಸೀರೆಯೂ ಇಲ್ಲ. ನಮ್ಮಮ್ಮನದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಆಮೇಲೆ ನೆನಪಾಯಿತು, ಮನೆಮಂದಿಯೆಲ್ಲ ನರಸಿಂಹುಲು ಸಮೇತ ಮದುವೆಗೆ ಬಂದಿದ್ದೆವಲ್ಲ. ಅಷ್ಟು ಹೊತ್ತು ನಾನು ಕಣ್ಣು ಕೀಳದೆ ನೋಡುತ್ತಿದ್ದದ್ದು ಬೀಗ ಹಾಕಿದ ಅಂಗಡಿಯನ್ನು.