ಒಳಗೆ ಮುಖ ಮಾಡಿದ ನಾಯಿಗಳು

ಆ ಬುಧವಾರ ಬೆಳಿಗ್ಗೆ ಅಬೆಲೋನೆ ಮಾಡಿದ್ದು ಇಷ್ಟೇ: ಕಿಟಕಿಯಲ್ಲಿದ್ದ ಎರಡು ಪಿಂಗಾಣಿ ನಾಯಿಗಳ ಮುಖವನ್ನು ಬೀದಿಯಿಂದ ಮನೆಯೊಳಕ್ಕೆ ತಿರುಗಿಸಿದಳು.

ಗಂಡ ಕಡಲಿನಲ್ಲಿದ್ದರೆ ನಾಯಿಗಳು ಹೊರಗೆ ನೋಡಬೇಕು, ಮನೆಗೆ ಬಂದರೆ ಒಳಗೆ. ಫಾನೊ ದ್ವೀಪದ ಹೆಂಗಸರು ಅಜ್ಜಿಯರ ಕಾಲದಿಂದ ಹೀಗೇ ನಡೆಸಿಕೊಂಡು ಬಂದಿದ್ದರು. ಅಬೆಲೋನೆಯ ಗಂಡ ಲಾವ್ರಿಡ್ಸ್ ಹಡಗಿನ ಸಮೇತ ಕಾಣೆಯಾಗಿ ಹತ್ತೊಂಬತ್ತು ವರ್ಷ. ಅಷ್ಟೂ ವರ್ಷ ಅವಳು ನಾಯಿಗಳ ಬೆನ್ನು ನೋಡುತ್ತ ಒಬ್ಬಳೇ ಕಾಫಿ ಕುಡಿದಿದ್ದಳು.

ಭಾನುವಾರ ಚರ್ಚಿನ ಬಾಗಿಲಲ್ಲಿ, ಹಾಯಿ ಹೊಲಿಯುವ ಎಸ್ಬೆನ್ ಟೋಪಿ ಹಿಸುಕುತ್ತ ಹೇಳಿದ್ದ: "ಬಾಯಿ ಬಿಟ್ಟು ಹೇಳೋದು ನಿಮಗೂ ಕಷ್ಟ, ನನಗೂ ಕಷ್ಟ. ಒಪ್ಪಿಗೆ ಇದ್ರೆ ಬುಧವಾರ ಮೂರು ಗಂಟೆಗೆ ನಾಯಿಗಳು ಒಳಗೆ ನೋಡ್ತಿರಲಿ. ಬಂದು ಬಾಗಿಲು ತಟ್ತೀನಿ."

ಮಧ್ಯಾಹ್ನದ ದೋಣಿಯಲ್ಲಿ ಪ್ರವಾಸಿಗರು ಬಂದರು. ಈ ಕರಾವಳಿಯಲ್ಲಿ ನೋಡಲೇಬೇಕಾದವುಗಳ ಪುಸ್ತಕದಲ್ಲಿ ಸೀಲ್ ಪ್ರಾಣಿಗಳು, ಮರಳದಿಬ್ಬಗಳು ಆದಮೇಲೆ ಮೂರನೆಯದೇ ಇವಳ ಕಿಟಕಿ.

"ಹೊರಗೆ ನೋಡ್ತಾವೆ ಅಂತ ಬರೆದಿದಾರೆ, ಇಲ್ಲಿ ಬರೀ ಬಾಲ!" ಮುಂದಿದ್ದವನು ಗಾಜು ತಟ್ಟಿದ. "ಸ್ವಲ್ಪ ತಿರುಗಿಸಮ್ಮ, ಒಂದು ಫೋಟೊ."

"ಆಗಲ್ಲ."

"ಒಂದೇ ಒಂದು ನಾಯಿ?"

"ಅರ್ಧ ನಾಯೀನೂ ಆಗಲ್ಲ."

ಗಲಾಟೆಗೆ ಪಕ್ಕದ ಮನೆಯ ಗುಡ್ರುನ್ ಹಿಟ್ಟಿನ ಕೈಯಲ್ಲೇ ಬಂದಳು. ಕಿಟಕಿ ನೋಡಿ, ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡ ಕಡಲಹಕ್ಕಿಯಂತೆ ನಿಂತಳು.

"ಒಳಗೆ ಯಾರೇ?"

"ಯಾರೂ ಇಲ್ಲ, ಗುಡ್ರುನಕ್ಕ."

"ಯಾರೂ ಇಲ್ದೆ ನಾಯಿ ತಿರುಗ್ತಾವಾ ಮಾರಾಯ್ತಿ?"

ಹೇಳಿಬಿಡಬಹುದಿತ್ತು. ಆದರೆ ತನ್ನ ಸುಖದ ಮಾತನ್ನು ಗಟ್ಟಿಯಾಗಿ ಆಡುವುದು ಅವಳಿಗೆ ಮರೆತೇಹೋಗಿತ್ತು. "ನಾಳೆ ಹೇಳ್ತೀನಿ" ಎಂದು ಬಾಗಿಲು ಹಾಕಿಕೊಂಡಳು. ಎರಡನೆಯ ಕಾಫಿ ಬಟ್ಟಲಲ್ಲಿ ಧೂಳಿತ್ತು. ಎರಡು ಸಲ ತೊಳೆದಳು.

ಮೂರು ಹೊಡೆಯಿತು. ಎಸ್ಬೆನ್‌ನ ಹೆಜ್ಜೆ ಬೀದಿಯ ತಿರುವಿನವರೆಗೆ ಬಂತು, ನಿಂತಿತು. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಕೂದಲು ಸವರಿಕೊಂಡು ತೆರೆದಳು.

ಗುಡ್ರುನ್ ನಿಂತಿದ್ದಳು, ಕೈತುಂಬ ಹೂ.

"ನಿನ್ನ ಮಾನ ಉಳಿಸಿದೀನಿ ಕಣೇ! ಒಳಗೆ ಯಾರು ಅಂತ ಬೀದಿಯವರೆಲ್ಲ ಕೇಳಿದ್ರು. ಲಾವ್ರಿಡ್ಸ್ ಬದುಕಿ ಬಂದ ಅಂದ್ಬಿಟ್ಟೆ. ಆ ಎಸ್ಬೆನ್‌ಗೆ ಎಷ್ಟು ಸಂತೋಷ ಅಂತೀಯ, ಕಣ್ಣಲ್ಲಿ ನೀರು! ಈ ಹೂ ಲಾವ್ರಿಡ್ಸ್‌ಗೆ ಕೊಡಿ ಅಂತ ನನ್ನ ಕೈಗಿಟ್ಟು, ದೋಣಿ ಹತ್ತೋಕೆ ಓಡಿದ. ಊರೇ ಬಿಡ್ತಾನಂತೆ, ಪಾಪ, ಯಾಕೋ."

ದೋಣಿಯ ಕೊಂಬು ಕೂಗಿತು. ಬೀದಿಯಲ್ಲಿ ಪ್ರವಾಸಿಗರು ಚಪ್ಪಾಳೆ ತಟ್ಟುತ್ತ, ಬಂದವನನ್ನು ಒಮ್ಮೆ ತೋರಿಸಿ ಎನ್ನುತ್ತಿದ್ದರು.

ಅಬೆಲೋನೆ ಒಳಗೆ ತಿರುಗಿದಳು. ಮೇಜಿನ ಮೇಲೆ ಎರಡು ಬಟ್ಟಲು. ಹತ್ತೊಂಬತ್ತು ವರ್ಷದ ಮೇಲೆ ಮುಖ ತೋರಿಸಿದ ನಾಯಿಗಳು, ಬೀದಿಯವರ ಹಾಗೆಯೇ, ಅವಳನ್ನು ಕಣ್ಣರಳಿಸಿ ನೋಡುತ್ತಿದ್ದವು.